ಕೆಂಚ ಒಬ್ಬನೇ ಉಣ್ಣುವುದಿಲ್ಲ

"ಉಣ್ಣೋ ಹೊತ್ನಲ್ಲಿ ಎದುರಿಗೆ ನಿಂತ್ಕಂಡು ನೋಡಬಾರದು ಕಣ್ರೀ... ಅತ್ಲಾಗಿ ಹೋಗಿ."

ಹೀಗೆ ಗದರಿದವಳು ನೀಲಾಂಬಿಕೆ. ಗದರಿಸಿಕೊಂಡವನು ಅವಳನ್ನು ನೋಡಲೆಂದೇ ಹಂಪಾಪುರದಿಂದ ಗಾಡಿ ಕಟ್ಟಿಕೊಂಡು ಬಂದಿದ್ದ ಗಂಡು!

ಪಾಪ, ಅವಳಿಗೆ ಅದು ಗೊತ್ತಿರಲಿಲ್ಲ. ಗಂಡಿನ ಕಡೆಯವರು ಮಧ್ಯಾಹ್ನಕ್ಕೆ ಬರುತ್ತಾರೆಂದು ಅಪ್ಪ ಹೇಳಿದ್ದರು. ಹೊಸ ಸೀರೆ ಉಟ್ಟು, ಹೂ ಮುಡಿದು, ಇನ್ನೂ ಹೊತ್ತಿದೆಯಲ್ಲ ಎಂದು ಕಟ್ಟೆಮಳಲವಾಡಿಯ ತಮ್ಮ ಮನೆಯ ಹಿತ್ತಿಲಿಗೆ ಬಂದವಳು ನುಗ್ಗೆಮರದ ಬುಡದಲ್ಲಿ ಮಣ್ಣಿನ ಮೇಲೇ ಕೂತುಬಿಟ್ಟಿದ್ದಳು. ಎದುರಿಗೆ ಕೆಂಚ. ಕೆಂಚನ ಮುಂದೆ ಸಾರಿನಲ್ಲಿ ಕಿವುಚಿದ ರಾಗಿಮುದ್ದೆ.

ಕೆಂಚ ಅವಳ ನಾಯಿ. ಕೆಂಪು ಮೈ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡದ್ದು. ಅವನಿಗೊಂದು ವಿಚಿತ್ರ ಅಭ್ಯಾಸವಿತ್ತು. ಒಂದು ಬಾಯಿ ತಿನ್ನುವುದು, ತಲೆ ಎತ್ತಿ ನೀಲಾಳ ಮುಖ ನೋಡುವುದು. ಅವಳು ಅಲ್ಲೇ ಇದ್ದರೆ ಇನ್ನೊಂದು ಬಾಯಿ. ಅವಳು ಎದ್ದಳೋ, ಅವನೂ ಎದ್ದ! ಹಸಿವಿದ್ದರೂ ಸರಿ, ಮುಂದಿರುವುದು ಹಾಲು ಅನ್ನವಾದರೂ ಸರಿ.

ಅಮ್ಮ ತೀರಿಕೊಂಡ ವರ್ಷ ಮನೆಗೆ ಬಂದ ಮರಿ ಅದು. ಅಪ್ಪ ಶಿವನಂಜಪ್ಪ ಹೊಲಕ್ಕೆ ಹೋದರೆ ಮನೆಯಲ್ಲಿ ಉಳಿಯುತ್ತಿದ್ದದ್ದು ಇವರಿಬ್ಬರೇ. ಆ ಸಣ್ಣ ಹುಡುಗಿಗೆ ಒಬ್ಬಳೇ ಕೂತರೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮರಿಯನ್ನು ಎದುರಿಗೆ ಕೂರಿಸಿಕೊಂಡು ಉಂಡಳು. ಅಲ್ಲಿಂದ ಯಾರು ಯಾರಿಗೆ ಜೊತೆ ಕೂರುತ್ತಿದ್ದರೋ ಹೇಳುವುದು ಕಷ್ಟ.

ಕಾಲು ತೊಳೆಯಲು ಹಿತ್ತಿಲಿಗೆ ಬಂದಿದ್ದ ಆ ಅಪರಿಚಿತನನ್ನು ನೋಡಿ ಕೆಂಚ ತಿನ್ನುವುದನ್ನು ಬಿಟ್ಟು ಹಲ್ಲು ತೋರಿಸಿದ. ಅವನು ಹೆದರಲಿಲ್ಲ, ಹೋಗಲೂ ಇಲ್ಲ.

"ನಾಯಿ ಉಣ್ಣಾಕೂ ನೀವು ಜೊತೇಲಿ ಕೂರಬೇಕಾ?" ಎಂದು ಕೇಳಿದ.

"ಕೂರಬೇಕು. ಒಬ್ಬನೇ ಉಣ್ಣಾಕಿಲ್ಲ ಇವನು."

ಅವನು ಆಮೇಲೆ ಏನು ಮಾಡಿದ ಗೊತ್ತೇ? ಒಗೆದು ಮಡಿ ಮಾಡಿದ ಬಿಳಿ ಪಂಚೆಯಲ್ಲೇ, ನಾಲ್ಕು ಮಾರು ದೂರದಲ್ಲಿ, ಮಣ್ಣಿನ ಮೇಲೆ ಕೂತುಬಿಟ್ಟ!

"ಈಗ ನಿಂತಿಲ್ವಲ್ಲ," ಎಂದ.

ಕೆಂಚ ಅವನನ್ನೊಮ್ಮೆ ನೋಡಿದ, ನೀಲಾಳನ್ನೊಮ್ಮೆ ನೋಡಿದ, ಮತ್ತೆ ಮುದ್ದೆಗೆ ಬಾಯಿ ಹಾಕಿದ. ನೀಲಾಳಿಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಅಪ್ಪನ ದನಿ ಬಂತು, ಗಂಡಿನ ಕಡೆಯವರು ಬಂದಾಯಿತು, ನೀಲಾ ಎಲ್ಲಿ ಎಂದು. ಅವಳ ಮುಖ ಕಿವಿಯವರೆಗೂ ಕೆಂಪಾಯಿತು. ಅಯ್ಯೋ... ಇವರೇನಾ!

ಅವನೇ ರುದ್ರಸ್ವಾಮಿ. ಅಡುಗೆಮನೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದವರು ಅವನ ತಾಯಿ ಶಿವರುದ್ರಮ್ಮ. ಎತ್ತರದ ಹೆಂಗಸು, ಹಣೆಯ ತುಂಬ ವಿಭೂತಿ, ಗಂಡ ತೀರಿಕೊಂಡ ಮೇಲೆ ಬೇಸಾಯವನ್ನೂ ಮಗನನ್ನೂ ಒಂದೇ ಮುಷ್ಟಿಯಲ್ಲಿ ಹಿಡಿದು ನಡೆಸಿದವರು. ವಾಪಸು ಹೋಗುವಾಗ ಗಾಡಿಯಲ್ಲಿ ಮಗ ಅವರಿಗೆ ಒಂದೇ ಒಂದು ಮಾತು ಹೇಳಿದ. ಆ ಮಾತು ಕೇಳಿ ಶಿವರುದ್ರಮ್ಮ ಹೊಲದ ಕಡೆಗೆ ಮುಖ ತಿರುಗಿಸಿದವರು ದಾರಿಯ ಕೋಟೆ ಊರು ದಾಟುವವರೆಗೂ ಬಾಯಿ ಬಿಡಲಿಲ್ಲ.

ಸಂತೆಯಲ್ಲಿ ಜನ ಹೊಸ ನಯಾಪೈಸೆಗೆ ತಲೆ ಕೆರೆದುಕೊಳ್ಳುತ್ತಿದ್ದ ವರ್ಷ ಅದು. ಮದುವೆ ಆಯಿತು. ಹೆಣ್ಣನ್ನು ಹತ್ತಿಸಿಕೊಂಡ ಗಾಡಿ ಊರು ದಾಟುವಾಗ ಕೆಂಚ ಹಿಂದೆಯೇ ಓಡಿದ. ಶಿವನಂಜಪ್ಪ ಹಗ್ಗ ತರಲು ತಿರುಗಿದರೆ ರುದ್ರಸ್ವಾಮಿ ಬೇಡವೆಂದ. ಅವನೂ ಬರಲಿ, ಹಂಪಾಪುರದಲ್ಲಿ ನಾಯಿಗೆ ಜಾಗ ಇಲ್ಲವೇ ಎಂದ.

ನೀಲಾ ಗಾಡಿಯೊಳಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ತವರು ಬಿಟ್ಟ ದುಃಖಕ್ಕೆ ಅರ್ಧ. ಇನ್ನರ್ಧ, ಇಂಥವನು ಸಿಕ್ಕಿದನಲ್ಲ ಎಂಬ ಖುಷಿಗೆ!

ಆ ಖುಷಿ ಎಷ್ಟು ದಿನ ಬಾಳಿತು? ಹೊಸ ಸೀರೆಯ ಗಂಜಿ ಹೋಗುವಷ್ಟು ದಿನವೂ ಇಲ್ಲ.

ಗಂಡ ಹೆಂಡತಿಯನ್ನು ಕೂಡಿಸುವ ದಿನ ಕಾರ್ತಿಕ ಕಳೆಯುವವರೆಗೂ ಇಲ್ಲವೆಂದು ಮಠದ ಅಯ್ಯನವರು ಹೇಳಿದ್ದಾರೆ ಎಂದರು ಶಿವರುದ್ರಮ್ಮ. ಅಯ್ಯನವರು ಹೇಳಿದ್ದರೋ ಇಲ್ಲವೋ, ಕೇಳಲು ಹೋದವರಾರು? ಅಲ್ಲಿಯವರೆಗೆ ಸೊಸೆ ಅತ್ತೆಯ ಪಕ್ಕದಲ್ಲಿ ಮಲಗಬೇಕು. ಗಂಡನ ಜೊತೆ ಮಾತಾಡುವುದು ಮರ್ಯಾದೆಯಲ್ಲ. ಅವನಿಗೆ ಬಡಿಸಬಹುದು, ಅವನು ಉಣ್ಣುವಾಗ ಕಂಬಕ್ಕೆ ಒರಗಿ ನಿಲ್ಲಬಹುದು. ನೀಲಾಳ ಪಾಲಿಗೆ ಸಂಸಾರ ಎಂದರೆ ದಿನಕ್ಕೆ ಅಷ್ಟೇ.

ಆ ಮನೆಯಲ್ಲಿ ಊಟಕ್ಕೆ ಕಟ್ಟುನಿಟ್ಟಿತ್ತು. ಲಿಂಗಪೂಜೆ ಮುಗಿಸಿ ಕೂತ ಮೇಲೆ ಗಂಗಳದಲ್ಲಿ ಬಡಿಸಿದ್ದು ಪ್ರಸಾದ. ಒಂದಗುಳೂ ಬಿಡುವ ಹಾಗಿಲ್ಲ. ಉಂಡಾದ ಮೇಲೆ ಗಂಗಳಕ್ಕೆ ನೀರು ಹುಯ್ದು, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿಯಬೇಕು. ನೀಲಾಳ ತವರಿನಲ್ಲೂ ಇದೇ ಪದ್ಧತಿ. ಆದರೆ ಅಲ್ಲಿ ಅಪ್ಪ ಗಂಗಳದ ಅಂಚಿನಲ್ಲಿ ಒಂದು ತುತ್ತು ಉಳಿಸುತ್ತಿದ್ದರು, ಅಮ್ಮನಿಗೆ. ಅಮ್ಮ ಅದೇ ಗಂಗಳದಲ್ಲಿ ಬಡಿಸಿಕೊಂಡು, ಮೊದಲು ಆ ತುತ್ತನ್ನು ಬಾಯಿಗಿಟ್ಟುಕೊಳ್ಳುತ್ತಿದ್ದಳು. ಅದು ಬಿಟ್ಟದ್ದಲ್ಲ, ಪಾಲು ಕೊಟ್ಟದ್ದು ಎನ್ನುತ್ತಿದ್ದಳು.

ಮೊದಲ ದಿನ ನೀಲಾ ಕಂಬಕ್ಕೆ ಒರಗಿ ಕಾದಳು. ಇವರೂ ಬಿಡುತ್ತಾರಾ...?

ರುದ್ರಸ್ವಾಮಿ ಕೊನೆಯ ತುತ್ತನ್ನು ಕೈಯಲ್ಲಿ ಹಿಡಿದು ಸ್ವಲ್ಪ ತಡೆದ. ಒಲೆಯ ಬಳಿ ಕೂತಿದ್ದ ತಾಯಿಯ ಕಡೆ ನೋಡಿದ. ಬಾಯಿಗೆ ಹಾಕಿಕೊಂಡ. ನೀರು ಹುಯ್ದು ತೊಳೆದು ಕುಡಿದು ಎದ್ದ. ಗಂಗಳ ಹೊಳೆಯುತ್ತಿತ್ತು.

"ನಿಮ್ಮ ಮಾವ ನನಗೆ ದಿನಾಲೂ ಒಂದು ತುತ್ತು ಬುಡೋರು," ಎಂದರು ಶಿವರುದ್ರಮ್ಮ ಮೆಲ್ಲಗೆ. "ಮನಸ್ಸಿಗೆ ಬಂದ ಹೆಂಡ್ತಿ ಆದ್ರೆ ಗಂಡಸು ಬುಡ್ತಾನೆ ಕಣಮ್ಮ. ಇಲ್ದಿದ್ರೆ ಇಲ್ಲ."

ಆ ಮಾತು ನೀಲಾಳ ಎದೆಗೆ ಮುಳ್ಳಿನಂತೆ ಹೊಕ್ಕಿತು. ಅವಳಿಗೆ ತಿಳಿಯದ್ದು ಇಷ್ಟು: ಅದೇ ಬೆಳಗ್ಗೆ ಶಿವರುದ್ರಮ್ಮ ಮಗನಿಗೆ ಬೇರೆಯೇ ಪಾಠ ಹೇಳಿದ್ದರು. ಗಂಗಳದಲ್ಲಿ ಏನೂ ಉಳಿಸಬೇಡ, ಉಳಿಸಿದ್ದನ್ನು ಅವಳು ನಾಯಿಗೆ ಹಾಕುತ್ತಾಳೆ, ಪ್ರಸಾದ ನಾಯಿಬಾಯಿಗೆ ಬಿದ್ದರೆ ಪಾಪ ನಿನಗೆ ಎಂದು. ಅವನು ನಂಬಿದ. ಹೊಟ್ಟೆ ತುಂಬಿದ ದಿನವೂ ಕೊನೆಯ ತುತ್ತನ್ನು ನುಂಗಿ ನುಂಗಿ ಉಂಡ. ಇವಳು ಪ್ರತಿದಿನ ಆ ಹೊಳೆಯುವ ಗಂಗಳವನ್ನು ನೋಡಿ ನೋಡಿ ಸೊರಗಿದಳು.

ಇನ್ನು ಕೆಂಚನ ಗತಿ.

ಶಿವರುದ್ರಮ್ಮ ಅವನನ್ನು ಹೊಡೆಯಲಿಲ್ಲ, ಅಟ್ಟಲಿಲ್ಲ. ಅಷ್ಟು ಮಾತ್ರ ಮಾಡಿದ್ದರೆ ಚೆನ್ನಾಗಿತ್ತು! ಹಿತ್ತಿಲಲ್ಲಿ ಒಂದು ಒಡಕು ಒರಳಿತ್ತು. ಅದರ ಗುಳಿಗೆ ದಿನವೂ ತಮ್ಮ ಕೈಯಾರೆ ಮುದ್ದೆ, ಸಾರು, ಒಮ್ಮೊಮ್ಮೆ ಮೊಸರು ಕೂಡ ಸುರಿಯುತ್ತಿದ್ದರು, ಪಕ್ಕದ ಮನೆಯ ಮಲ್ಲಾಜಮ್ಮ ಬೇಲಿಯಾಚೆಯಿಂದ ನೋಡಿ ಮೆಚ್ಚುವಷ್ಟು. ಆದರೆ ಸೊಸೆಗೆ ಒಂದು ನಿಯಮ ಹಾಕಿದರು. ತನ್ನ ಊಟ ಮುಗಿಯುವವರೆಗೆ ಹಿತ್ತಿಲ ಹೊಸಿಲು ದಾಟಬಾರದು. ಸೊಸೆಯ ಊಟವೋ ಎಲ್ಲರದ್ದೂ ಆಗಿ, ಒಲೆ ಸಾರಿಸಿ, ಕಡೆಗೆ.

ಕೆಂಚ ಒರಳಿನ ಮುಂದೆ ಕೂತು ಬಾಗಿಲನ್ನೇ ನೋಡುತ್ತಿದ್ದ. ಮೂಗಿನ ಕೆಳಗೆ ಅನ್ನ ಆರುತ್ತಿತ್ತು. ಕಾಗೆ ಬರುತ್ತಿದ್ದವು, ಕೋಳಿ ಬರುತ್ತಿದ್ದವು, ಬೀದಿಯ ನಾಯಿಗಳೂ ಧೈರ್ಯ ಮಾಡಿ ಬರುತ್ತಿದ್ದವು. ನೀಲಾ ಹೊರಗೆ ಬರುವ ಹೊತ್ತಿಗೆ ಒರಳು ಬರಿದು.

"ಒಂದೇ ಗಳಿಗೆ ಹೋಗಿ ಕೂತು ಬತ್ತೀನಿ ಅತ್ತೆಮ್ಮ," ಎಂದು ಬೇಡಿದಳು.

"ಅನ್ನ ಮುಂದೈತೆ. ಹಸಿವಾದ್ರೆ ಉಣ್ತದೆ," ಎಂದರು ಶಿವರುದ್ರಮ್ಮ.

ಅಡುಗೆಮನೆಗೊಂದು ಸಣ್ಣ ಕಿಟಕಿಯಿತ್ತು. ನೀಲಾ ಪಾತ್ರೆ ತೊಳೆಯುತ್ತಾ ಅಲ್ಲಿಂದಲೇ ಮೆಲ್ಲಗೆ ಮಾತಾಡಿದಳು, ಇಲ್ಲೇ ಇದ್ದೇನೆ ಕೆಂಚ, ತಿನ್ನು ಎಂದು. ದನಿ ಕೇಳಿ ಅವನ ಮಡಚಿದ ಕಿವಿಯೂ ನಿಮಿರಿತು. ಒಂದು ಬಾಯಿ ತಿಂದ. ತಲೆ ಎತ್ತಿ ಹುಡುಕಿದ. ಇನ್ನೊಂದು ಬಾಯಿ ತಿಂದ. ಅವಳಿಗೆ ಕುಣಿಯುವಷ್ಟು ಸಂತೋಷ!

ಮರುದಿನ ನೋಡಿದರೆ ಕಿಟಕಿಗೆ ಅಡ್ಡಲಾಗಿ ಹೊರಗಿನಿಂದ, ಸೂರಿನಡಿ, ಬೆರಣಿ ಒಟ್ಟಿತ್ತು. ಮಳೆಗೆ ನೆನೆಯಬಾರದಲ್ಲ ಎಂದರು ಅತ್ತೆ.

ನಾಯಿಯ ಪಕ್ಕೆಲುಬು ಎದ್ದು ಕಂಡವು. ನೀಲಾಳ ಕೈಬಳೆಗಳೂ ಸಡಿಲಾದವು, ಯಾಕೆಂದರೆ ಒಲೆಯ ಮುಂದೆ ಒಬ್ಬಳೇ ಕೂತು ಅವಳಿಗೂ ತುತ್ತು ಇಳಿಯುತ್ತಿರಲಿಲ್ಲ. ಅವಳ ಕೋಪವೆಲ್ಲ ಗಂಡನ ಮೇಲೆ ತಿರುಗಿತು. ಅವತ್ತು ಮಣ್ಣಿನ ಮೇಲೆ ಕೂತವರು ಇವರೇನಾ? ಹೋಗುತ್ತಾ ಬರುತ್ತಾ ಕಣ್ಣಿಗೆ ಬೀಳುವುದಿಲ್ಲವೇ? ಒಂದು ಮಾತು ಅವ್ವನಿಗೆ ಹೇಳಬಾರದೇ?

ಅವನ ಕಣ್ಣಿಗೆ ಬಿದ್ದಿತ್ತು. ಅವ್ವನನ್ನೂ ಕೇಳಿದ್ದ. ನಿನ್ನ ಹೆಂಡತಿಗೇ ಹೋಗಿ ಕೂರಲು ಅಸಡ್ಡೆ, ಬಂದ ಮನೆಯಲ್ಲಿ ನಾಯಿಯ ಚಾಕರಿ ಮಾಡಿದರೆ ಹೆಸರು ಕೆಡುತ್ತದಂತೆ ಎಂದು ಅವ್ವ ಹೇಳಿದ್ದರು. ಅವನು ತಾನೇ ಒರಳಿನ ಪಕ್ಕ ಕೂತು ನೋಡಿದ. ಕೆಂಚ ಬಾಲ ಅಲ್ಲಾಡಿಸಿದ. ಅವನ ಹೆಗಲಾಚೆಗೆ ಬಾಗಿಲನ್ನು ನೋಡಿದ. ತಿನ್ನಲಿಲ್ಲ.

ಹೀಗೇ ಬಿಟ್ಟರೆ ಸಾಯುತ್ತದೆ ಎಂದು ರುದ್ರಸ್ವಾಮಿ ಒಂದು ಬೆಳಗ್ಗೆ ಗಾಡಿ ಕಟ್ಟಿದ. ಹುಟ್ಟಿ ಬೆಳೆದ ಹಿತ್ತಿಲು, ಶಿವನಂಜಪ್ಪನವರ ಕೈ, ಅಲ್ಲಾದರೂ ತಿಂದೀತು ಎಂಬುದು ಅವನ ಲೆಕ್ಕಾಚಾರ. ನೀಲಾ ಬಾವಿಗೆ ಹೋಗಿದ್ದಳು. ಅವಳಿಗೆ ಹೇಳು, ಕಟ್ಟೆಮಳಲವಾಡಿಗೆ ಬಿಟ್ಟು ಬರುತ್ತೇನೆ ಎಂದು ತಾಯಿಗೆ ಹೇಳಿ ಹೊರಟ.

ನೀಲಾ ನೀರು ಹೊತ್ತು ಬಂದಳು. ಒರಳಿನ ಮುಂದೆ ಯಾರೂ ಇಲ್ಲ!

"ನಿನ್ನ ಗಂಡನೇ ಹೊತ್ಕಂಡು ಹೋದ," ಎಂದರು ಶಿವರುದ್ರಮ್ಮ ಅಲಸಂದೆಕಾಯಿ ಬಿಡಿಸುತ್ತಾ. "ವೀರನಹೊಸಹಳ್ಳಿ ಕಾಡಂಚಿಗೆ ಬುಟ್ಟು ಬತ್ತಾನಂತೆ. ಉಣ್ಣದ ನಾಯಿ ಮನೇಲಿ ಅಪಶಕುನ ಅಂದ."

ಕೊಡ ಅವಳ ಸೊಂಟದಿಂದ ಜಾರಿ ಬಿತ್ತು.

ವೀರನಹೊಸಹಳ್ಳಿಯ ಕಾಡು ಯಾರಿಗೆ ಗೊತ್ತಿಲ್ಲ? ಅಲ್ಲಿ ಚಿರತೆ ಮೊದಲು ಹಿಡಿಯುವುದೇ ನಾಯಿಯನ್ನು. ನೆಟ್ಟಗೆ ನಿಲ್ಲಲೂ ಆಗದ ಜೀವ, ಓಡುವುದೆಲ್ಲಿಂದ ಬಂತು? ನೀಲಾ ಒದ್ದೆ ನೆಲದಲ್ಲೇ ಕೂತಳು. ಅಳು ಬರಲಿಲ್ಲ. ಎದೆಯಲ್ಲಿ ಏನೋ ಆರಿಹೋಯಿತು.

ಮರುದಿನ ರುದ್ರಸ್ವಾಮಿ ಬರಿಯ ಗಾಡಿಯಲ್ಲಿ ಬಂದ. ಮಾವ ಮಗಳಿಗೆಂದು ಕೊಟ್ಟಿದ್ದ ತಂಬಿಟ್ಟಿನ ಗಂಟನ್ನು ತಾಯಿಯ ಕೈಗಿತ್ತ. ಅವಳಿಗೆ ಹೇಳಿದೆಯಾ ಎಂದು ಕೇಳಿದ. ಹೇಳಿದೆ, ಮುಖ ತಿರುಗಿಸಿಕೊಂಡು ಹೋದಳು ಎಂದರು ತಾಯಿ. ಗಂಟು ಅಟ್ಟದ ಗಡಿಗೆಯೊಳಗೆ ಸೇರಿತು.

ಅಗಲಿಸಿದ್ದಕ್ಕೆ ಕೋಪ ಇರಬಹುದು, ಇರಲಿ, ಅವಳ ನಾಯಿ ಅಲ್ಲವೇ ಎಂದುಕೊಂಡ ಪುಣ್ಯಾತ್ಮ. ನೇರವಾಗಿ ಎರಡು ಮಾತಾಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅವ್ವ ಹಾಕಿದ ಗೆರೆ ದಾಟದ ಮಗ ಅವನು, ಇನ್ನೂ ಅವ್ವನ ಮಗನೇ ಆಗಿದ್ದ.

ಅಂದಿನಿಂದ ನೀಲಾ ಅವನಿಗೆ ಬಡಿಸಿ ಹೊರಟುಹೋಗುತ್ತಿದ್ದಳು. ಕಂಬದ ಬಳಿ ಯಾರೂ ಇಲ್ಲ.

ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವನು ಪ್ರತಿ ತುತ್ತಿಗೂ ತಲೆ ಎತ್ತಿ ಕಂಬದ ಕಡೆ ನೋಡುತ್ತಿದ್ದ. ಮದುವೆಯಾದ ದಿನದಿಂದ ನೋಡುತ್ತಿದ್ದ. ಗೊತ್ತಿದ್ದೇ ಹೋಗುತ್ತಿದ್ದಳು. ಉಣ್ಣಲಿ, ಒಬ್ಬನೇ ಕೂತು ಉಣ್ಣಲಿ. ಅನ್ನ ಮುಂದಿದೆಯಲ್ಲ... ಹಸಿವಾದರೆ ಉಣ್ಣುತ್ತಾರೆ!

ಅತ್ತೆಯ ಮಾತೇ ತನ್ನ ಮನಸ್ಸಿನ ಬಾಯಿಗೆ ಬಂದದ್ದು ಅವಳಿಗೆ ಹೊಳೆಯಲೂ ಇಲ್ಲ. ದೀಪಾವಳಿಗೆ ಅಪ್ಪ ಕರೆಯಲು ಬಂದಾಗ ಹೊರಟುಬಿಡುವುದು, ಮತ್ತೆ ಈ ಮನೆಯ ಹೊಸಿಲು ತುಳಿಯುವುದಿಲ್ಲ ಎಂದು ತೀರ್ಮಾನ ಮಾಡಿಕೊಂಡಿದ್ದಳು.

ರುದ್ರಸ್ವಾಮಿಯ ಊಟ ದಿನದಿನಕ್ಕೂ ಕುಗ್ಗಿತು. ಒಂದು ಮಧ್ಯಾಹ್ನ, ಉಳಿಸಿದ್ದು ಬೀಳಲು ಈಗ ನಾಯಿಬಾಯಿಯೂ ಇಲ್ಲದ್ದರಿಂದಲೋ ಏನೋ, ಅವನು ಅರ್ಧಕ್ಕೇ ಎದ್ದುಬಿಟ್ಟ. ನೀಲಾ ಬಂದು ನೋಡಿದಳು. ಗಂಗಳದಲ್ಲಿ ಮುದ್ದೆ ಉಳಿದಿತ್ತು. ಅಂಚಿನಲ್ಲಿ ಒಂದು ತುತ್ತು, ಬೆರಳಿನಿಂದ ಒತ್ತಿ ದುಂಡಗೆ ಮಾಡಿ, ಬೇರೆಯಾಗಿ ಇಟ್ಟದ್ದು.

ಪಾಲು!

ಎಷ್ಟು ದಿನ ಇದಕ್ಕಾಗಿ ಕಂಬಕ್ಕೆ ಒರಗಿ ಕಾದಿದ್ದಳು... ಈಗ ಬಿಟ್ಟಿದ್ದಾರೆ. ಕೆಂಚನನ್ನು ಚಿರತೆಯ ಬಾಯಿಗೆ ಕೊಟ್ಟ ಮೇಲೆ! ಅವಳು ಗಂಗಳ ಎತ್ತಿಕೊಂಡು, ಅತ್ತೆ ಕೂಗುತ್ತಿದ್ದರೂ ಕೇಳದೆ ಹಿತ್ತಿಲಿಗೆ ಹೋಗಿ, ಎಲ್ಲವನ್ನೂ ಬರಿದಾದ ಒರಳಿಗೆ ಸುರಿದಳು. ಆ ದುಂಡಗಿನ ತುತ್ತನ್ನು ಕಡೆಗೆ, ಬೆರಳಿನಿಂದ ತಳ್ಳಿ.

ಕೈ ತೊಳೆಯುತ್ತಿದ್ದ ರುದ್ರಸ್ವಾಮಿ ಅದನ್ನು ನೋಡಿದ. ನೋಡಲೆಂದೇ ಅವಳು ಹಾಗೆ ಮಾಡಿದ್ದಳು. ಅವನು ಟವಲನ್ನು ಹೆಗಲಿಗೆ ಹಾಕಿಕೊಂಡು ಹೊಲಕ್ಕೆ ಹೋದ. ಬೆನ್ನು ಯಾಕೋ ಬಾಗಿತ್ತು. ನೀಲಾಳಿಗೆ ಗೆದ್ದ ಹಾಗಾಗಬೇಕಿತ್ತು. ಆಗಲಿಲ್ಲ. ಒರಳಿನ ಮೇಲೆ ಕಾಗೆ ಕೂತದ್ದನ್ನು ನೋಡಲಾರದೆ ಒಳಗೆ ಬಂದುಬಿಟ್ಟಳು.

ಅದಾದ ಮೇಲೆ ಒಂದು ದಿನ, ರಾಗಿ ತೆನೆ ಬಾಗುವ ಕಾಲ, ಊಟದ ಹೊತ್ತು. ರುದ್ರಸ್ವಾಮಿಗೆ ಬಡಿಸಿ ಅವಳು ಹಿಂತಿರುಗುತ್ತಿದ್ದಳು. ಹಿತ್ತಿಲ ಕಡೆಯಿಂದ ಏನೋ ಎಳೆದುಕೊಂಡು ಬಂದ ಹಾಗೆ ಸದ್ದಾಯಿತು.

ಒರಳಿನ ಮುಂದೆ ಕೆಂಚ ಬಿದ್ದಿದ್ದ.

ಮೈಯೆಲ್ಲ ಮಣ್ಣು, ಮುಳ್ಳು. ಕಾಲಿನ ಅಂಗಾಲು ಒಡೆದಿತ್ತು. ಕೊರಳಲ್ಲಿ ಕಡಿದುಹೋದ ಬಟ್ಟೆಯ ಹುರಿ. ತಲೆ ನೆಲದ ಮೇಲೆ, ಕಣ್ಣು ಮಾತ್ರ ಬಾಗಿಲ ಮೇಲೆ.

ನೀಲಾ ಹೊಸಿಲ ಮೇಲೆ ಕಾಲಿಟ್ಟಳು.

"ದಾಟಬ್ಯಾಡ," ಎಂದರು ಶಿವರುದ್ರಮ್ಮ ಹಿಂದಿನಿಂದ. "ಉಣ್ಣದೆ ಈ ಹೊಸಿಲು ದಾಟಿದ್ರೆ ಅಂಗೇ ನಿಮ್ಮಪ್ಪನ ಮನೆ ದಾರಿ ಹಿಡಿ. ನನ್ನ ಮಗನ ಬಾಳು ನಿನಗೆ ಬ್ಯಾಡ ಅಂತ ತಿಳ್ಕತೀನಿ."

ಅವಳು ದಾಟಿದಳು. ತಿರುಗಿ ಕೂಡ ನೋಡಲಿಲ್ಲ.

ಕೆಂಚನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೊರಳಿನ ಹುರಿ ಬಿಚ್ಚಲು ಹೋದಾಗ ಅವಳ ಬೆರಳು ನಿಂತಿತು. ಕೆಂಪು ಅಂಚಿನ ಟವಲನ್ನು ಹರಿದು ಹೊಸೆದ ಹುರಿ ಅದು. ಅಂಚಿನ ಹೊಲಿಗೆ ಅವಳದ್ದೇ. ಅಪ್ಪನ ಹೆಗಲ ಮೇಲಿನ ಟವಲು! ಹಗ್ಗ ಕಟ್ಟಿದರೆ ಕೊರಳು ಉಜ್ಜುತ್ತದೆಂದು ಅಪ್ಪ ಬಟ್ಟೆಯಲ್ಲಿ ಕಟ್ಟುತ್ತಿದ್ದರು, ಮೊದಲಿನಿಂದಲೂ.

ಇವನು ಕಾಡಿನಲ್ಲಿರಲಿಲ್ಲ. ಕಟ್ಟೆಮಳಲವಾಡಿಯಲ್ಲಿದ್ದ!

ಅವಳು ತಲೆ ಎತ್ತಿದಾಗ ರುದ್ರಸ್ವಾಮಿ ಎಂಜಲು ಕೈಯಲ್ಲೇ ಬಾಗಿಲಲ್ಲಿ ನಿಂತಿದ್ದ.

"ಇವನನ್ನ ಅಪ್ಪನ ಮನೆಗೆ ಬುಟ್ಟಿದ್ರಾ?" ಎಂದು ಕೇಳಿದಳು. ಮದುವೆಯಾದ ಮೇಲೆ ಗಂಡನಿಗೆ ಅವಳು ಆಡಿದ ಮೊದಲ ಮಾತು ಅದು.

"ಅವ್ವ ಹೇಳ್ಲಿಲ್ವಾ ನಿಂಗೆ?"

"ವೀರನಹೊಸಹಳ್ಳಿ ಕಾಡಿಗೆ ಬುಟ್ರಿ ಅಂದ್ರು."

ಅವನು ತಾಯಿಯ ಕಡೆ ತಿರುಗಿದ. ಸುಮ್ಮನೆ ನೋಡಿದ. ಶಿವರುದ್ರಮ್ಮ ಆ ನೋಟವನ್ನು ತಡೆಯಲಾರದೆ ಬಾಗಿಲ ತೋಳನ್ನು ಹಿಡಿದುಕೊಂಡರು.

"ಏನೋ ಅಂಗೆ ನೋಡ್ತೀಯಾ?" ಎಂದರು. "ಅವತ್ತು ಗಾಡೀಲಿ ಏನಂದೆ ನೀನು? 'ನಾಯಿಗೂ ಜೊತೆ ಕೂರೋ ಹುಡುಗಿ ಕಣವ್ವ. ನಂಗೆ ಅವಳೇ ಬೇಕು' ಅಂದೆ. ನನ್ನ ಜೊತೆ ಯಾರು ಕೂತಿದ್ರು ಹೇಳು. ನಿಮ್ಮಪ್ಪ ಒಂದಿನ ಕೂತಿದ್ರಾ? ಒಂದು ತುತ್ತು ಬುಟ್ಟಿದ್ರಾ? ನೀನು ಕೂತಿದ್ಯಾ? ಈ ಒಲೆ ಮುಂದೆ ನನ್ನ ಆಯಸ್ಸೆಲ್ಲ ಒಬ್ಬಳೇ ಉಂಡಿದೀನಿ ಕಣೋ. ನಾಯಿಗೆ ಬೇಕಂತೆ ಜೊತೆ... ನಾಯಿಗೆ!"

ಬೇಲಿಯಾಚೆ ನಿಂತು ಕೇಳುತ್ತಿದ್ದ ಮಲ್ಲಾಜಮ್ಮ ಸದ್ದಿಲ್ಲದೆ ಸರಿದುಹೋದಳು.

ನೀಲಾಳ ಕಿವಿಯಲ್ಲಿ ಉಳಿದದ್ದು ಒಂದೇ ಮಾತು. ನಂಗೆ ಅವಳೇ ಬೇಕು... ಯಾವ ಬಾಯಿಂದ ಕೇಳಬೇಕೆಂದು ಇಷ್ಟು ದಿನ ಕಾದಿದ್ದಳೋ ಆ ಬಾಯಿ ಮುಚ್ಚಿಯೇ ಇತ್ತು. ಅದನ್ನು ಹೇಳಿದ್ದು ಅವಳನ್ನು ಅರೆದ ಬಾಯಿ. ಆ ದುಂಡಗಿನ ತುತ್ತನ್ನು ಒರಳಿಗೆ ತಳ್ಳಿದ ಬೆರಳನ್ನು ಅವಳು ನೋಡಿಕೊಂಡಳು. ಅಳು ಆಗ ಬಂತು, ಇಷ್ಟು ದಿನದ್ದೂ ಸೇರಿ.

ರುದ್ರಸ್ವಾಮಿ ಒಳಗೆ ಹೋಗಿ ತನ್ನ ಗಂಗಳವನ್ನೇ ತಂದ. ಅವಳ ಎದುರಿಗೆ, ಮಣ್ಣಿನ ಮೇಲೆ ಕೂತ. ಮುದ್ದೆಗೆ ಹಾಲು ಹಾಕಿ ಕಿವುಚಿ, ಗಂಗಳವನ್ನು ಅವಳ ಕಡೆ ಸರಿಸಿದ. ಪ್ರಸಾದ, ಪಾಪ, ಯಾವುದನ್ನೂ ಅವನು ಅವತ್ತು ಕೇಳಲಿಲ್ಲ. ಅವ್ವ ಹಾಕಿದ ಗೆರೆ ಅಲ್ಲಿಗೆ ಮುಗಿಯಿತು.

ನೀಲಾ ಅದನ್ನು ಅಂಗೈಗೆ ತೆಗೆದುಕೊಂಡು ಕೆಂಚನ ಬಾಯಿಯ ಬಳಿ ಹಿಡಿದಳು. "ಇಲ್ಲೇ ಇವ್ನಿ ಕಣೋ. ಎಲ್ಲೂ ಹೋಗಾಕಿಲ್ಲ. ತಿನ್ನು."

ಕೆಂಚ ನೆಕ್ಕಿದ. ಕಣ್ಣೆತ್ತಿ ಅವಳನ್ನು ನೋಡಿದ. ಮತ್ತೆ ನೆಕ್ಕಿದ. ಮತ್ತೆ ನೋಡಿದ. ಅವಳು ಅಲ್ಲೇ ಇದ್ದಳು. ಅಂಗೈಯಲ್ಲಿದ್ದದ್ದೆಲ್ಲ ಹಾಗೇ, ನಿಧಾನಕ್ಕೆ, ತಿಂದು ಮುಗಿಸಿದ. ಬಾಲದ ತುದಿ ಒಮ್ಮೆ ನೆಲಕ್ಕೆ ಬಡಿಯಿತು.

ಆಮೇಲೆ ಬದುಕಿಕೊಂಡ, ಕೊಬ್ಬಿದ, ಹಿತ್ತಿಲೆಲ್ಲ ಓಡಾಡಿದ ಎಂದು ಬರೆಯಲು ಈ ಕೈಗೂ ಆಸೆ. ಏನು ಮಾಡುವುದು... ಅವನು ಉಣ್ಣಲೆಂದು ಅಷ್ಟು ದೂರ ನಡೆದಿದ್ದ. ಉಂಡಾಗಿತ್ತು. ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದವನು ಸಂಜೆಯ ಬಿಸಿಲು ಕೊಟ್ಟಿಗೆಯ ಗೋಡೆಗೆ ಏರುವ ಹೊತ್ತಿಗೆ ತಣ್ಣಗಾಗಿದ್ದ.

ರುದ್ರಸ್ವಾಮಿ ಹೊಂಗೆಮರದ ಕೆಳಗೆ ಗುಂಡಿ ತೆಗೆದ. ಅಪ್ಪನ ಟವಲಿನ ಹುರಿಯನ್ನು ಬಿಚ್ಚದೆ ಹಾಗೆಯೇ ಮಣ್ಣು ಮಾಡಿದರು. ಮಣ್ಣು ಎಳೆಯುತ್ತಾ ಅವನು ತನ್ನಷ್ಟಕ್ಕೆ ಎಂಬಂತೆ ಹೇಳಿದ, ಗಂಗಳದಲ್ಲಿ ಯಾಕೆ ಬಿಡುತ್ತಿರಲಿಲ್ಲ ಎಂಬುದನ್ನು, ಒರಳಿನ ಪಕ್ಕ ತಾನೂ ಕೂತು ನೋಡಿದ್ದನ್ನು, ತಂಬಿಟ್ಟಿನ ಗಂಟನ್ನು. ಅವಳೂ ಹೇಳಿದಳು, ಕಂಬಕ್ಕೆ ಒರಗಿ ಕಾದದ್ದನ್ನು. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಒಳಗೆ ಬಂದಾಗ ಅಟ್ಟದ ಗಂಟು ಹೊಸಿಲ ಮೇಲಿತ್ತು. ಇಟ್ಟವರು ಅಲ್ಲಿರಲಿಲ್ಲ. ನೀಲಾ ಬಿಚ್ಚಿ ನೋಡಿದಳು. ತಂಬಿಟ್ಟಿಗೆಲ್ಲ ಬೂಷ್ಟು ಹಿಡಿದಿತ್ತು. ಒಂದನ್ನೂ ಮುರಿದಿರಲಿಲ್ಲ. ಬಚ್ಚಿಟ್ಟವರಿಗೂ ತಿನ್ನಲಾಗಿರಲಿಲ್ಲ.

ದೀಪ ಹಚ್ಚುವ ಹೊತ್ತಾಯಿತು. ನೀಲಾ ಒಲೆ ಹೊತ್ತಿಸಿ ಅಡುಗೆ ಮಾಡಿದಳು. ಅತ್ತೆಯ ಗಂಗಳವನ್ನು ತೊಳೆದು, ತುಂಬ ಬಡಿಸಿದಳು, ಮುದ್ದೆ, ಸಾರು, ಮೇಲೆ ತುಪ್ಪ. ಒಲೆಯ ಮುಂದೆ ಗೋಡೆಗೆ ಒರಗಿ ಕೂತಿದ್ದ ಶಿವರುದ್ರಮ್ಮನ ಎದುರಿಗೆ ಇಟ್ಟಳು. ಆಕೆ ತಲೆ ಎತ್ತಿ ಸೊಸೆಯ ಮುಖ ನೋಡಿದರು. ಆ ನೋಟವನ್ನು ನೀಲಾ ಬಲ್ಲಳು. ಅದನ್ನು ಅವಳು ಇವತ್ತೇ ಮಧ್ಯಾಹ್ನ ಒರಳಿನ ಮುಂದೆ ಕಂಡಿದ್ದಳು.

"ಅನ್ನ ಮುಂದೈತೆ ಅತ್ತೆಮ್ಮ," ಎಂದು ಹೇಳಿ ನೀಲಾ ಹೊರಗೆ ಬಂದಳು.

ರುದ್ರಸ್ವಾಮಿ ಹಿತ್ತಿಲ ಜಗಲಿಯಲ್ಲಿ ಕೂತಿದ್ದ. ಅವನಿಗೆ ಬಡಿಸಿದಳು. ಕಂಬ ಹುಡುಕಲಿಲ್ಲ, ಎದುರಿಗೇ ಕೂತಳು. ಅವನು ಒಂದು ತುತ್ತು ಉಂಡು ತಲೆ ಎತ್ತಿದ. ಅವಳಿದ್ದಳು. ಇನ್ನೊಂದು ತುತ್ತು. ಮತ್ತೆ ನೋಡಿದ. ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಕಡೆಗೆ ಅವನು ಗಂಗಳದ ಅಂಚಿನಲ್ಲಿ ಒಂದು ತುತ್ತನ್ನು ದುಂಡಗೆ ಮಾಡಿ ಇಟ್ಟು, ಗಂಗಳವನ್ನು ಅವಳ ಕಡೆ ತಿರುಗಿಸಿದ. ಒಳಗೆ ಸದ್ದಿಲ್ಲ. ಗಂಗಳಕ್ಕೆ ಬೆರಳು ತಾಗಿದ ಸದ್ದೂ ಇಲ್ಲ.

"ಅವ್ವ ಉಣ್ತಿಲ್ಲ," ಎಂದ.

"ಗೊತ್ತು."

"ಒಬ್ರು ಹೋಗಿ ಕೂರಬೇಕು ಕಣೆ."

ನೀಲಾ ಹೊಂಗೆಮರದ ಕಡೆ ನೋಡಿದಳು. ಹೊಸ ಮಣ್ಣು ಇನ್ನೂ ಹಸಿಯಾಗಿತ್ತು.

"ನಾಳೆ ನೋಡಾನ. ಇವತ್ತು ಕೆಂಚಂದು."

ಅವನು ತುತ್ತಿನ ಕಡೆ ಕೈ ತೋರಿಸಿದ. ಅವಳು ಅದನ್ನು ಎತ್ತಿಕೊಂಡಳು. ಬಾಯಿಯವರೆಗೆ ತಂದು, ತಡೆದು, ಅವನ ಮುಖ ನೋಡಿದಳು.

"ನಾನು ಉಂಡು ಮುಗಿಸೋಗಂಟ ಏಳಬ್ಯಾಡಿ."

"ಏಳಾಕಿಲ್ಲ. ಉಣ್ಣು."